ಒಂದೇ ಸುತ್ತು, ಆದರೆ ಪೂರ್ತಿ ಸುತ್ತು

ಗುರುತು ಸಿಗಬಾರದು ಅಂತ ಹೆಸರು, ವಯಸ್ಸು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ.

ಸಂತೋಷ್ ಅಂತ ಕರೆಯೋಣ. 27 ವರ್ಷ. ಒಂದು ವಿಮಾನ ಕಂಪನಿಯಲ್ಲಿ ಫಸ್ಟ್ ಆಫೀಸರ್, ನಾವು ಕೋ-ಪೈಲಟ್ ಅಂತೀವಲ್ಲ, ಅದು. ಕೆಲಸ ದೂರದ ದೊಡ್ಡ ಊರಲ್ಲಿ, ಮನೆ ಹುಬ್ಬಳ್ಳಿಯಲ್ಲಿ. ಮೂಲ ಗದಗ ಕಡೆಯ ಹಳ್ಳಿ. ನಾನು ಧಾರವಾಡದಲ್ಲಿ ಆಪ್ತಸಲಹೆಗಾರ್ತಿ. ನನ್ನ ಹತ್ತಿರ ಅವರನ್ನು ಕರೆದುಕೊಂಡು ಬಂದವರು ತಾಯಿ.

"ಮೇಡಂ, ರಜಾಕ್ಕ ಮನಿಗೆ ಬಂದ್ರ ಇವ ಮಲಗಂಗಿಲ್ರಿ. ಗ್ಯಾಸ್ ಬಂದ್ ಮಾಡೀ ಏನವಾ ಅಂತಾನ. ಮಾಡೀನಪಾ ಅಂದ್ರೂ ಎದ್ದು ಹೋಗಿ ನೋಡ್ತಾನ. ಬಂದು ಮಲಗಿ ಮತ್ತ ಹೋಗ್ತಾನ."

ತಾಯಿ ಹೊರಗೆ ಹೋಗಿ ಕೂತ ಮೇಲೆ ಸಂತೋಷ್ ಬಾಯಿ ಬಿಟ್ಟರು. "ಅವ್ವಗ ಗ್ಯಾಸ್ ಅಷ್ಟ ಗೊತ್ರಿ. ಖರೇ ತ್ರಾಸು ಬ್ಯಾರೆ ಐತಿ." ಜೇಬಿನಿಂದ ಫೋನ್ ತೆಗೆದು ಗ್ಯಾಲರಿ ತೋರಿಸಿದರು. ಅದರಲ್ಲಿ ಮನುಷ್ಯರ ಮುಖ ಕಡಿಮೆ. ಸ್ಕ್ರೀನ್ ಸರಿಸಿದಷ್ಟೂ ವಿಮಾನದ ಟೈರು, ಟೈರು, ಮತ್ತೆ ಟೈರು. ನಡುನಡುವೆ ಮೂಗಿನ ಹತ್ತಿರ ಮುಂದಕ್ಕೆ ಚಾಚಿಕೊಂಡಿರುವ ಸಣ್ಣ ಕೊಳವೆಗಳು. ರಾತ್ರಿ ಹೋಟೆಲ್ ರೂಮಿಗೆ ಹೋದ ಮೇಲೆ ಇವನ್ನು ದೊಡ್ಡದು ಮಾಡಿ ನೋಡ್ತಾರಂತೆ. ಆ ವಿಮಾನ ಆಗಲೇ ಇಳಿದು, ಬೇರೆ ಪೈಲಟ್ ಜೊತೆ ಬೇರೆ ಊರಿಗೆ ಹೋಗಿರುತ್ತದೆ. ಆದರೂ ನೋಡಬೇಕು.

ಹಿನ್ನೆಲೆ ಸ್ವಲ್ಪ ಹೇಳಬೇಕು. ವಿಮಾನ ಹೊರಡುವ ಮುಂಚೆ ಪೈಲಟ್‌ಗಳಲ್ಲಿ ಒಬ್ಬರು ಕೆಳಗಿಳಿದು ಅದರ ಸುತ್ತ ಒಂದು ಸುತ್ತು ಹಾಕಿ ಹೊರಗಿನಿಂದ ಪರೀಕ್ಷೆ ಮಾಡಬೇಕು. ವಾಕ್‌ಅರೌಂಡ್ ಅಂತಾರೆ. ಕಿಟಕಿ ಸೀಟಲ್ಲಿ ಕೂತವರು ನೋಡಿರ್ತೀರಿ. ಹೊಳೆಯುವ ಜಾಕೆಟ್ ಹಾಕಿಕೊಂಡು, ಕೈಯಲ್ಲಿ ಟಾರ್ಚ್ ಹಿಡಿದು, ರೆಕ್ಕೆ ಕೆಳಗೆ ತಲೆ ಎತ್ತಿ ನೋಡುತ್ತಾ ಹೋಗುವವರು. ಇದಕ್ಕೆ ಹತ್ತು ನಿಮಿಷ ಸಾಕು. ಆದರೆ ಇಳಿದ ವಿಮಾನ ಅರ್ಧ ಗಂಟೆ ಆಸುಪಾಸಿನಲ್ಲಿ ಮತ್ತೆ ಹೊರಡಬೇಕಾದಾಗ ಆ ಹತ್ತು ನಿಮಿಷದ ಮೇಲೆ ಎಲ್ಲರ ಕಣ್ಣು.

ಕೆಲವು ತಿಂಗಳ ಹಿಂದೆ ಹೀಗೇ ಸುತ್ತು ಹಾಕುವಾಗ ಸಂತೋಷ್‌ಗೆ ಒಂದು ಟೈರಿನಲ್ಲಿ ಕೊಯ್ದ ಗುರುತು ಕಂಡಿತು. ಇಂಜಿನಿಯರ್‌ಗೆ ಹೇಳಿದರು. ಅವರು ಬಂದು ಅಳತೆ ಮಾಡಿ, ಮಿತಿಯೊಳಗೇ ಇದೆ, ಹೋಗಬಹುದು ಅಂದರು. ವಿಮಾನ ತಡವಾಗಿ ಹೊರಟಿತು. ಕ್ಯಾಪ್ಟನ್ ಆಗ ಮಾತಾಡಲಿಲ್ಲ. ಇಳಿದ ಮೇಲೆ ಕ್ಯಾಬಿನ್ ಸಿಬ್ಬಂದಿಯ ಮುಂದೆಯೇ, "ಇಂಜಿನಿಯರ್ ಇರೋದು ಯಾಕೆ? ನೀನು ಸುಮ್ನೆ ಸುತ್ತಿ ಬಂದ್ರೆ ಸಾಕು" ಅಂದುಬಿಟ್ಟರು.

ಆಮೇಲೆ ಎರಡು ತರಹ ಶುರುವಾಯಿತು. ಗಟ್ಟಿ ದನಿಯ ಕ್ಯಾಪ್ಟನ್ ಇದ್ದ ದಿನ ಸಂತೋಷ್ ಸುತ್ತನ್ನು ಓಡಿ ಮುಗಿಸುತ್ತಿದ್ದರು. ಕೆಲವು ಕಡೆ ಬಗ್ಗಿ ನೋಡುತ್ತಲೇ ಇರಲಿಲ್ಲ. ಮೆತ್ತಗಿನವರು ಇದ್ದ ದಿನ ಎರಡು ಸುತ್ತು, ಕೆಲವೊಮ್ಮೆ ಮೂರು. ಓಡಿ ಮುಗಿಸಿದ ದಿನ ಮೇಲೆ ಹಾರುವಾಗ ಎದೆ ಡವಡವ. "ಬಲಗಡೆ ಸ್ಟ್ಯಾಟಿಕ್ ಪೋರ್ಟ್ ನೋಡಿದ್ನೋ ಇಲ್ಲೋ ಅಂತನ ನೆನಪಾಗಂಗಿಲ್ರಿ ಮೇಡಂ." ಸ್ಟ್ಯಾಟಿಕ್ ಪೋರ್ಟ್ ಅಂದರೆ ಹೊರಗಿನ ಗಾಳಿಯ ಒತ್ತಡ ಅಳೆಯುವ ಸಣ್ಣ ತೂತು. ಆ ಭಯಕ್ಕೆ ಫೋಟೋ ಶುರುವಾಯಿತು. ಏರ್‌ಪೋರ್ಟಿನಲ್ಲಿ ಅನುಮತಿ ಇಲ್ಲದೆ ಹಾಗೆ ಫೋಟೋ ತೆಗೆಯುವ ಹಾಗಿಲ್ಲ ಅನ್ನುವುದು ಅವರಿಗೂ ಗೊತ್ತು. ಸಿಕ್ಕಿಬಿದ್ದರೆ ಏನು ಗತಿ ಅನ್ನುವ ಇನ್ನೊಂದು ಭಯ ಅದರ ಮೇಲೆ ಸೇರಿತು.

ಮೊದಲ ದಿನವೇ ಒಂದು ಮಾತು ನೇರವಾಗಿ ಹೇಳಿದೆ. ಇಲ್ಲಿ ಆಡಿದ್ದು ಇಲ್ಲೇ ಇರುತ್ತದೆ, ಆದರೆ ನೀವು ಹಾರುವುದರಿಂದ ಜನರ ಜೀವಕ್ಕೆ ಅಪಾಯ ಅಂತ ನನಗೆ ಅನ್ನಿಸಿದರೆ ಸುಮ್ಮನಿರುವುದಿಲ್ಲ. ಇಂಥ ಷರತ್ತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವರು ತಲೆಯಾಡಿಸಿ, ತಮ್ಮ ಮುಂದಿನ ಡ್ಯೂಟಿ ನಾಲ್ಕು ದಿನ ಆದಮೇಲೆ ಅಂದರು.

ಆಮೇಲೆ ಒಂದು ಹಾಳೆ ಕೊಟ್ಟು ಕೇಳಿದೆ, ಸುತ್ತು ಹೇಗೆ ಹಾಕ್ತೀರಿ, ನನಗೆ ಗೊತ್ತಾಗೋ ಹಾಗೆ ಹೇಳಿ. ಮೇಲಿಂದ ಕಂಡಂತೆ ವಿಮಾನ ಬರೆದರು. ಕೆಳಗಿಳಿಯುವ ಮುಂಚೆ ಒಳಗೆ ಪಾರ್ಕಿಂಗ್ ಬ್ರೇಕ್ ಹಾಕಿದೆಯಾ ನೋಡಬೇಕಂತೆ. ಯಾಕೆ ಅಂದೆ. ಚಕ್ರದ ಹತ್ತಿರ ಬ್ರೇಕಿನಲ್ಲಿ ಒಂದು ಸಣ್ಣ ಪಿನ್ ಹೊರಗೆ ಚಾಚಿರುತ್ತದೆ, ಬ್ರೇಕ್ ಸವೆದಂತೆ ಅದು ಒಳಗೆ ಹೋಗುತ್ತದೆ, ಬ್ರೇಕ್ ಹಿಡಿದಿದ್ದರೆ ಮಾತ್ರ ಆ ಪಿನ್ ನಿಜ ಹೇಳುತ್ತದೆ. ಹಾಳೆಯ ಮೇಲೆ ಪೆನ್ನು ಮೂಗಿನ ಎಡಗಡೆಯಿಂದ ಹೊರಟಿತು. ವೇಗ ಅಳೆಯುವ ಪಿಟೋ ಕೊಳವೆ, ಸ್ಟ್ಯಾಟಿಕ್ ಪೋರ್ಟ್, ಮುಂದಿನ ಚಕ್ರ. ಅಲ್ಲಿಂದ ಬಲಗಡೆ ಇಂಜಿನ್, ಒಳಗಿನ ಬ್ಲೇಡು, ಹೊರಗಿನ ಮುಚ್ಚಳದ ಚಿಲಕ. "ಈ ಚಿಲಕ ಇಂಜಿನ್ ಹೊಟ್ಟೀ ಕೆಳಗ ಇರ್ತಾವ್ರಿ. ನಿಂತು ನೋಡಿದ್ರ ಕಾಣಂಗಿಲ್ಲ, ಕುಕ್ಕರಗಾಲಿಲೆ ಕುಂದರಬೇಕು." 2013ರ ಮೇ ತಿಂಗಳಲ್ಲಿ ಲಂಡನ್ನಿನ ಹೀತ್ರೂನಲ್ಲಿ ಒಂದು ಏರ್‌ಬಸ್ ಎ319 ವಿಮಾನದ ಎರಡೂ ಇಂಜಿನ್ನಿನ ಮುಚ್ಚಳ ಚಿಲಕ ಹಾಕದೇ ಉಳಿದು, ಮೇಲೇರುವಾಗ ಕಿತ್ತುಹೋಗಿದ್ದನ್ನು ಅವರೇ ಹೇಳಿದರು. ರಿಪೇರಿಯವರೂ ಗಮನಿಸಿರಲಿಲ್ಲ, ಸುತ್ತು ಹಾಕಿದ ಪೈಲಟ್ಟೂ ಗಮನಿಸಿರಲಿಲ್ಲ. ವಿಮಾನ ವಾಪಸ್ ಬಂದು ಇಳಿಯಿತು. ಪೆನ್ನು ಮುಂದೆ ಹೋಯಿತು, ರೆಕ್ಕೆಯ ತುದಿ, ಹಿಂದಿನ ಚಕ್ರಗಳು, ಎಣ್ಣೆ ಸೋರಿದೆಯಾ, ಬಾಲ, ಆಮೇಲೆ ಎಡಗಡೆಯಿಂದ ಮತ್ತೆ ಮೂಗಿನ ಹತ್ತಿರ.

ನನಗೆ ಬೇಕಾದ್ದು ಇಲ್ಲೇ ಸಿಕ್ಕಿತು. ಇಷ್ಟೂ ಹೊತ್ತು ಅವರ ದನಿ ಒಮ್ಮೆಯೂ ನಡುಗಲಿಲ್ಲ, ಕಾಲು ಅಲ್ಲಾಡಿಸುವುದೂ ನಿಂತಿತ್ತು. ಪೆನ್ನು ಹೊರಟ ಜಾಗಕ್ಕೆ ಬಂದು ನಿಂತ ಮೇಲೆ ಕಾಲು ಮತ್ತೆ ಶುರು. ಕೆಲಸ ಗೊತ್ತಿಲ್ಲದ ಹುಡುಗ ಅಲ್ಲ ಇವರು. ಮುಗಿಯಿತು ಅಂತ ಒಪ್ಪಿಕೊಳ್ಳಲು ಆಗುತ್ತಿಲ್ಲ, ಅಷ್ಟೇ.

ಹಾಗಾಗಿ "ಜಾಸ್ತಿ ಯೋಚನೆ ಮಾಡಬೇಡಿ, ರಿಲ್ಯಾಕ್ಸ್ ಆಗಿ" ಅಂತ ನಾನು ಹೇಳಲಿಲ್ಲ. ಪೈಲಟ್‌ಗೆ ಹಾಗೆ ಹೇಳುವುದು ತಪ್ಪು ಅಂತಲೇ ನನ್ನ ಅಭಿಪ್ರಾಯ. ನೋಡುವುದು ಅವರ ಕೆಲಸ, ಕಾಯಿಲೆ ಅಲ್ಲ. ನಿಯಮದ ಸುತ್ತಿಗೆ ಒಂದು ಶುರು ಇದೆ, ಒಂದು ಕೊನೆ ಇದೆ. ಭಯದ ಸುತ್ತಿಗೆ ಕೊನೆ ಇಲ್ಲ. ಎರಡನ್ನೂ ಬೇರೆ ಮಾಡಬೇಕಿತ್ತು.

ಟೈರಿನ ವಿಷಯ ಮೊದಲು ತೆಗೆದೆ. ನಾನು ಹೇಳಿದ್ದು ಸುಳ್ಳಾಯ್ತಲ್ಲ ಅನ್ನುವ ಅವಮಾನ ಅವರೊಳಗೆ ಹಾಗೇ ಇತ್ತು. ಸುಳ್ಳು ಹೇಗೆ ಆಗುತ್ತದೆ? ಕೊಯ್ದ ಗುರುತು ಇತ್ತು, ನೀವು ನೋಡಿದಿರಿ, ಹೇಳಿದಿರಿ. ಮಿತಿಯೊಳಗೆ ಇದೆಯೋ ಇಲ್ಲವೋ ಹೇಳಬೇಕಾದವರು ಇಂಜಿನಿಯರ್, ಅವರು ಹೇಳಿದರು. ಇಬ್ಬರೂ ತಮ್ಮ ತಮ್ಮ ಕೆಲಸ ಮಾಡಿದಿರಿ. ಮೂರನೆಯವರಿಗೆ ಸಿಟ್ಟು ಬಂತು ಅಂದ ಮಾತ್ರಕ್ಕೆ ಮೊದಲಿಬ್ಬರ ಕೆಲಸ ತಪ್ಪಾಗುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದಲ್ರಿ" ಅಂದರು.

ರಾತ್ರಿ ಅವರು ಓದುತ್ತಿದ್ದದ್ದು ಅಪಘಾತಗಳ ವರದಿ. ಅದರಲ್ಲೂ ಏರೋಪೆರು 603. 1996ರ ಅಕ್ಟೋಬರ್ 2ರಂದು ಲಿಮಾದಿಂದ ರಾತ್ರಿ ಹೊರಟ ಬೋಯಿಂಗ್ 757. ವಿಮಾನ ತೊಳೆಯುವಾಗ ಸ್ಟ್ಯಾಟಿಕ್ ಪೋರ್ಟ್‌ಗೆ ಹಚ್ಚಿದ ಟೇಪ್ ಕೀಳದೇ ಬಿಟ್ಟಿದ್ದರು. ಎತ್ತರ, ವೇಗ ಎರಡೂ ಸುಳ್ಳು ತೋರಿಸಿ ವಿಮಾನ ಸಮುದ್ರಕ್ಕೆ ಬಿತ್ತು, 70 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಸಂತೋಷ್ ಇದನ್ನು ಓದಿ "ಒಂದು ಟೇಪ್ ನೋಡ್ಲಿಲ್ಲ ಅಂದ್ರ ಎಲ್ಲಾ ಮುಗೀತು" ಅಂತ ಲೆಕ್ಕ ಹಾಕಿದ್ದರು. ಅದೇ ವರದಿಯನ್ನು ಇನ್ನೊಂದು ಕಡೆಯಿಂದ ಓದೋಣ ಅಂದೆ. ಟೇಪ್ ಹಚ್ಚಿದವರು ಕೀಳಲಿಲ್ಲ, ಅವರ ಮೇಲಿನವರು ನೋಡಲಿಲ್ಲ, ಪೈಲಟ್‌ಗೂ ಕಾಣಲಿಲ್ಲ. 2018ರ ಜುಲೈಯಲ್ಲಿ ಬ್ರಿಸ್ಬೇನ್‌ನಲ್ಲೂ ಹೆಚ್ಚುಕಡಿಮೆ ಹೀಗೇ ಆಯಿತು. ಅಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜದ ಹುಳದ ಕಾಟ ಜಾಸ್ತಿ ಅಂತ ಪಿಟೋ ಕೊಳವೆಗೆ ಕವರ್ ಹಾಕುತ್ತಾರೆ. ಮಲೇಷ್ಯಾದ ಒಂದು ಎ330 ಆ ಕವರ್‌ಗಳ ಸಮೇತ ಮೇಲೆ ಹಾರಿಬಿಟ್ಟಿತ್ತು. ಪುಣ್ಯಕ್ಕೆ ಸುರಕ್ಷಿತವಾಗಿ ಇಳಿಯಿತು. ಎರಡೂ ಕಡೆ ತಪ್ಪಿದ್ದು ಒಬ್ಬರ ಕಣ್ಣಲ್ಲ. ಅಂದರೆ ನಿಮ್ಮ ಸುತ್ತನ್ನು ಬಿಡುವ ಹಾಗಿಲ್ಲ, ಹಾಗಂತ ಇಡೀ ವಿಮಾನ ನಿಮ್ಮೊಬ್ಬರ ಹೆಗಲ ಮೇಲೂ ಇಲ್ಲ. ಹಾಸಿಗೆಯಲ್ಲಿ ವರದಿ ಓದುವುದು ಬಂದ್. ಓದಲೇಬೇಕಿದ್ದರೆ ಹಗಲು, ಟೇಬಲ್ ಮುಂದೆ ಕೂತು.

ಅಭ್ಯಾಸ ಹೀಗೆ ಕೊಟ್ಟೆ. ಕ್ಯಾಪ್ಟನ್ ಯಾರೇ ಇರಲಿ, ಕಂಪನಿಯ ಪುಸ್ತಕದಲ್ಲಿ ಇರುವ ಕ್ರಮದಲ್ಲೇ ಒಂದು ಸುತ್ತು. ಬಗ್ಗಬೇಕಾದ ಕಡೆ ಬಗ್ಗಲೇಬೇಕು. ಫೋನ್ ಕಾಕ್‌ಪಿಟ್‌ನಲ್ಲೇ. ನಡುವೆ ಯಾರಾದರೂ ಮಾತಾಡಿಸಿದರೆ, ಖಾತ್ರಿಯಾಗಿ ನೋಡಿದ ಕೊನೆಯ ಜಾಗಕ್ಕೆ ಹೋಗಿ ಅಲ್ಲಿಂದ ಮುಂದುವರಿಯಬೇಕು. ಮುಗಿದ ಮೇಲೆ ಎರಡನೇ ಸುತ್ತು ಇಲ್ಲ, ಎಷ್ಟೇ ಎದೆ ಹೊಡೆದುಕೊಂಡರೂ ಇಲ್ಲ. ಆ ಚಡಪಡಿಕೆ ಏರುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಇಳಿಯುತ್ತದೆ. ಮತ್ತೆ ಹೋಗಿ ನೋಡಿದರೆ ಅದು ಇಳಿಯುವುದನ್ನೇ ಕಲಿಯುವುದಿಲ್ಲ.

ನೆನಪಿರುವುದಿಲ್ಲ ಅನ್ನುವುದಕ್ಕೆ ಉಪಾಯ ಅವರ ಮನೆಯಲ್ಲೇ ಇತ್ತು. ನೈರುತ್ಯ ರೈಲ್ವೆಯ ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲಿ ಇರುವುದರಿಂದ ಊರಲ್ಲಿ ರೈಲ್ವೆ ಮಂದಿ ಬಹಳ. ಸಂತೋಷ್ ಅವರ ಸೋದರಮಾವ ಲೋಕೋ ಪೈಲಟ್, ಅಂದರೆ ರೈಲು ಓಡಿಸುವವರು, ಆಗಿದ್ದವರು. ಇಂಜಿನ್ನಿನಲ್ಲಿ ಲೋಕೋ ಪೈಲಟ್ ಮತ್ತು ಅಸಿಸ್ಟೆಂಟ್ ಪ್ರತಿ ಸಿಗ್ನಲ್ಲನ್ನೂ ಬಾಯಿಬಿಟ್ಟು ಕೂಗಿ ಹೇಳುತ್ತಾರೆ. ನೋಡಿದ್ದನ್ನು ಬಾಯಲ್ಲಿ ಹೇಳಿದರೆ ಗಮನ ಅಲ್ಲೇ ನಿಲ್ಲುತ್ತದೆ. ನೀವೂ ಬೆರಳು ತೋರಿಸಿ ಮೆಲ್ಲಗೆ ಹೇಳಿ ಅಂದೆ. "ಕನ್ನಡದಾಗ ಅಂದ್ರ ನಡೀತೈತ್ರಿ?" ಅಂದರು. ಗಾಳಿ, ಇಂಜಿನ್ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಈಗ ಅವರು ಇಂಜಿನ್ನಿನ ಹೊಟ್ಟೆ ಕೆಳಗೆ ಕುಕ್ಕರಗಾಲಲ್ಲಿ ಕೂತು "ಚಿಲಕ ಹಾಕೇತಿ" ಅನ್ನುತ್ತಾರೆ.

ಕ್ಯಾಪ್ಟನ್ ಮುಂದೆ ಆಡುವ ಮಾತನ್ನು ಜಾಸ್ತಿ ಹೊತ್ತು ಅಭ್ಯಾಸ ಮಾಡಬೇಕಾಯಿತು. ನಾನು ಕ್ಯಾಪ್ಟನ್ ಆಗಿ ಗದರುತ್ತಿದ್ದೆ. ಅವರ ಮೊದಲ ಉತ್ತರ ಪ್ರತಿ ಸಲವೂ "ಸಾರಿ ಸರ್" ಅಂತಲೇ ಶುರುವಾಗುತ್ತಿತ್ತು. ಸಾರಿ ಯಾಕೆ? ಕೊನೆಗೆ ಉಳಿದ ವಾಕ್ಯ ಇದು: "ಸರ್, ವಾಕ್‌ಅರೌಂಡ್ ಇನ್ನೂ ಮುಗಿದಿಲ್ಲ, ನಾಲ್ಕು ನಿಮಿಷ ಬೇಕು." ಆಮೇಲೆ ವಾದ ಬೇಡ, ವಿವರಣೆ ಬೇಡ, ಹೋಗಿ ಮುಗಿಸುವುದು. ಅದಕ್ಕೂ ಮೀರಿ ಯಾರಾದರೂ ಬಿಡು ಅಂದರೆ ಕಂಪನಿಯ ಸುರಕ್ಷತಾ ವಿಭಾಗಕ್ಕೆ ವರದಿ ಬರೆಯುವ ದಾರಿ ಇದ್ದೇ ಇದೆ. ಸಿಟ್ಟಿನಲ್ಲಿ ಅಲ್ಲ, ನಡೆದದ್ದು ನಡೆದ ಹಾಗೆ.

ತಂದೆಯನ್ನೂ ಒಮ್ಮೆ ಕರೆಸಿದೆ. ಮಗನ ಪೈಲಟ್ ತರಬೇತಿಗೆ ಎರಿ ಹೊಲ ಮಾರಿದ್ದರು, ಸಾಲದ್ದಕ್ಕೆ ಬ್ಯಾಂಕ್ ಸಾಲ ಬೇರೆ. ಫೋನ್ ಮಾಡಿದಾಗಲೆಲ್ಲ ಅವರದು ಒಂದೇ ಮಾತು, "ಸಾಹೇಬ್ರ ಕೂಡ ಹೊಂದ್ಕೊಂಡ್ ಹೋಗಪಾ." ನಮ್ಮ ಕಡೆ ಮದುವೆಮನೆಯಿಂದ ಹಿಡಿದು ಆಫೀಸಿನವರೆಗೂ ಇದೇ ಔಷಧಿ. ಎಲ್ಲ ಕಡೆ ಇದು ಕೆಲಸ ಮಾಡುವುದಿಲ್ಲ ಅಂತ ಅವರಿಗೆ ಬಿಡಿಸಿ ಹೇಳಿದೆ. ಪರೀಕ್ಷೆ ಬಿಟ್ಟು ವಿಮಾನ ಹಾರಿಸಿ ಏನಾದರೂ ಆದರೆ ಮಗನ ಲೈಸೆನ್ಸ್ ಉಳಿಯುತ್ತದಾ, ನೀವೇ ಹೇಳಿ ಅಂದೆ. ಸಾಲದ ಲೆಕ್ಕ ಗೊತ್ತಿದ್ದ ಮನುಷ್ಯನಿಗೆ ಈ ಲೆಕ್ಕ ಬೇಗ ತಿಳಿಯಿತು. ತಾಯಿಗೆ ಹೇಳಿದ್ದು ಇಷ್ಟೇ. ಗ್ಯಾಸ್ ಬಗ್ಗೆ ಮಗ ಕೇಳಿದರೆ ಒಂದು ಸಲ ಉತ್ತರ ಕೊಡಿ, ಎರಡನೇ ಸಲಕ್ಕೆ "ಆಗ್ಲೇ ಹೇಳೀನಲ್ಲ" ಅಂದು ಸುಮ್ಮನಾಗಿ. ಬೈಯಬೇಡಿ, ಸಮಾಧಾನವನ್ನೂ ಮಾಡಬೇಡಿ. ತಾಯಂದಿರಿಗೆ ಇದು ಬಲು ಕಷ್ಟದ ಕೆಲಸ.

ಇನ್ನೊಂದು ವಿಷಯ ಗಂಭೀರವಾದದ್ದು. ಮಗ ಮಲಗಲಿ ಅಂತ ತಾಯಿ ಪರಿಚಯದ ಔಷಧಿ ಅಂಗಡಿಯಿಂದ ನಿದ್ದೆ ಮಾತ್ರೆ ತಂದಿಟ್ಟಿದ್ದರು. ಸಂತೋಷ್ ನುಂಗಿರಲಿಲ್ಲ, ಪುಣ್ಯ. ಪೈಲಟ್ ಆದವರು ಯಾವ ಮಾತ್ರೆಯನ್ನೂ ವಿಮಾನಯಾನದ ವೈದ್ಯರಿಗೆ ತಿಳಿಸದೆ ತೆಗೆದುಕೊಳ್ಳಬಾರದು. ಗೀಳಿನ ಕಾಯಿಲೆ ಇದೆಯೋ ಇಲ್ಲವೋ ಹೇಳುವುದು ಆಪ್ತಸಲಹೆಗಾರರ ಕೆಲಸ ಅಲ್ಲ. ಅದಕ್ಕೆ ಮನೋವೈದ್ಯರೇ ಬೇಕು, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಚೀಟಿ ಬರೆದೆ. ಕಂಪನಿಗೆ ಗೊತ್ತಾದರೆ ನೌಕರಿ ಹೋಗುತ್ತದೆ ಅಂತ ಅವರು ಹಿಂದೆಮುಂದೆ ನೋಡಿದರು. 2023ರಲ್ಲಿ ದೇಶದ ವಿಮಾನಯಾನದ ಮೇಲ್ವಿಚಾರಣೆ ಮಾಡುವ ಡಿಜಿಸಿಎ ಪೈಲಟ್‌ಗಳ ಮಾನಸಿಕ ಆರೋಗ್ಯದ ಬಗ್ಗೆ ಸುತ್ತೋಲೆ ಹೊರಡಿಸಿದೆ. ಪೈಲಟ್‌ಗಳು ತಮ್ಮದೇ ಸಹೋದ್ಯೋಗಿಗಳ ಹತ್ತಿರ ಮನಬಿಚ್ಚಿ ಮಾತಾಡುವ ವ್ಯವಸ್ಥೆಯನ್ನು ಕಂಪನಿಗಳು ಇಡಬೇಕು ಅಂತ ಅದರಲ್ಲಿದೆ. ಮೊದಲು ಅಲ್ಲಿ ಮಾತಾಡಿ, ಆಮೇಲೆ ಕಂಪನಿಯ ಡಾಕ್ಟರ ಹತ್ತಿರ ಹೋಗಿ, ನಿದ್ದೆ ಇಲ್ಲದ ದಿನ ಡ್ಯೂಟಿಗೆ ಆಗಲ್ಲ ಅಂತ ಬರೆದುಕೊಡಿ ಅಂದೆ. ಮುಂದಿನ ಡ್ಯೂಟಿಯನ್ನು ಬಿಟ್ಟರು. ಕೆಲವು ವಾರ ರೋಸ್ಟರಿನಿಂದ, ಅಂದರೆ ಡ್ಯೂಟಿ ಪಟ್ಟಿಯಿಂದ, ಹೊರಗಿದ್ದರು. ಆ ವಾರಗಳು ಮನೆಯಲ್ಲಿ ಯಾರಿಗೂ ಸುಖ ಇರಲಿಲ್ಲ, ತಂದೆ ದಿನಾ ಸಾಲದ ಪಾಸ್‌ಬುಕ್ ತೆಗೆದು ನೋಡುತ್ತಿದ್ದರಂತೆ. ವೈದ್ಯರು ಸರಿ ಅಂದ ಮೇಲೆ ಕೆಲಸಕ್ಕೆ ಮರಳಿದರು.

ಗದರಿದ್ದ ಆ ಕ್ಯಾಪ್ಟನ್ ಜೊತೆ ಮತ್ತೊಮ್ಮೆ ಡ್ಯೂಟಿ ಬಿತ್ತು. ಮಳೆ, ಅದರಲ್ಲೂ ತಡ ಆಗಿತ್ತು. ಸಂತೋಷ್ ನಾಲ್ಕು ನಿಮಿಷದ ವಾಕ್ಯ ಹೇಳಿದರು. ಕ್ಯಾಪ್ಟನ್ ತಿರುಗಿ ನೋಡದೆ "ಹೂಂ" ಅಂದರಂತೆ. ಅಷ್ಟೇ. ಮನುಷ್ಯ ಬದಲಾದ ಅಂತೇನೂ ಅಲ್ಲ.

ಎಲ್ಲ ಸರಿಹೋಗಿಲ್ಲ. ಎರಡನೇ ಸುತ್ತು ಈಗ ಇಲ್ಲ, ಆದರೆ ಹೋಟೆಲ್ ರೂಮಿನ ಬಾಗಿಲು ಚಿಲಕವನ್ನು ಆಗಾಗ ಎರಡು ಸಲ ನೋಡುತ್ತಾರೆ. ಟೈರಿನ ಫೋಟೋಗಳಲ್ಲಿ ಅರ್ಧ ಅಳಿಸಿದ್ದಾರೆ, ಉಳಿದದ್ದನ್ನು ಅಳಿಸಲು ಕೈ ಬರುತ್ತಿಲ್ಲವಂತೆ. ಮುಂದಿನ ಭೇಟಿಯಲ್ಲಿ ಅದನ್ನೇ ತೆಗೆದುಕೊಳ್ಳಬೇಕು. ರೋಸ್ಟರ್ ಬಂದ ಮೇಲೆ ದಿನ ಗೊತ್ತು ಮಾಡುತ್ತೇವೆ.