ತಮ್ಮನ ಮೇಲೆ ರೇಗುವುದನ್ನು ನಿಲ್ಲಿಸೋದು ಹೇಗೆ: ಪ್ರತಿಕ್ರಿಯೆ

ನಿಮ್ಮ ದೋಸೆ ಅಂಗಡಿಯಲ್ಲಿ ಗಿರಾಕಿಗಳ ಎದುರೇ ತಮ್ಮನಿಗೆ ಬೈದು, ಆಮೇಲೆ ಪ್ರಾರ್ಥನೆಗೆ ಕೂರಲು ಆಗುತ್ತಿಲ್ಲ ಎಂದಿರಿ. ಕಾರಣ ಬಹುಶಃ ಕೋಪಕ್ಕಿಂತ ಅವಸರ. ದಾವಣಗೆರೆಯಲ್ಲಿ ನಮ್ಮದೂ ಬೆಣ್ಣೆ ದೋಸೆ ಅಂಗಡಿ, ಬೆಳಗಿನ ರಶ್‌ನಲ್ಲೇ ನನ್ನ ಬಾಯಿ ಜಾರುತ್ತಿತ್ತು.

ಮೊದಲು ಇವತ್ತೇ ತಮ್ಮನ ಹತ್ತಿರ ಕ್ಷಮೆ ಕೇಳಿ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಹೋಗಿ ಸಹೋದರನ ಜೊತೆ ರಾಜಿಯಾಗು ಅಂತ ಯೇಸುವೇ ಹೇಳಿದ್ದಾನಲ್ವಾ (ಬೈಬಲ್‌ನ ಮತ್ತಾಯ 5:23-24). "ಆದರೆ ನೀನೂ..." ಅಂತ ಸೇರಿಸಬೇಡಿ, ಅಲ್ಲೇ ಕೆಡುತ್ತದೆ.

ನಾಳೆಯಿಂದ ಒಲೆ ಹಚ್ಚುವ ಮುಂಚೆ ಕೀರ್ತನೆ 141:3 ಹೇಳಿಕೊಳ್ಳಿ. ಬಾಯಿಗೆ ಕಾವಲಿಡು ಅಂತ ದೇವರನ್ನು ಕೇಳುವ ಚಿಕ್ಕ ವಚನ ಅದು. ದೋಸೆ ಸೀದು ಬೈಗುಳ ನಾಲಿಗೆ ತುದಿಗೆ ಬಂದರೆ, ಸುಮ್ನೆ ಹಂಚಿಗೆ ನೀರು ಚಿಮುಕಿಸಿ ಒರೆಸಿ. ಅಷ್ಟರಲ್ಲಿ ಅರ್ಧ ಸಿಟ್ಟು ಇಳಿಯುತ್ತದೆ. ಮಾತಿಗೂ ಕೋಪಕ್ಕೂ ನಿಧಾನವಾಗಿರಿ ಅಂತ ಬೈಬಲ್‌ನ ಯಾಕೋಬ 1:19 ಹೇಳುವುದೂ ಇದನ್ನೇ. ತಪ್ಪು ಹೇಳಲೇಬೇಕಾದರೆ ಅಂಗಡಿ ಮುಚ್ಚಿದ ಮೇಲೆ, ಇಬ್ಬರೇ ಇದ್ದಾಗ ಹೇಳಿ.

ತಮ್ಮ ತಕ್ಷಣ ಮಾತಾಡುತ್ತಾನೋ ಇಲ್ಲವೋ ಹೇಳಲಾರೆ. ನಮ್ಮಲ್ಲಿ 15 ದಿನ ಹಿಡಿಯಿತು.