ಸಿಂಧನೂರಿನ ಸ್ಕಿನ್ ಕೇರ್ ಪಾರ್ಲರ್: ಬ್ಯಾಂಕಿನವರು ಮಾಡಿಸಿದ ವಿಮೆ ಸಾಲದೇ?

ನೀವು ಕೇಳಿರುವುದು ಇಷ್ಟು: ಸಿಂಧನೂರಿನಲ್ಲಿ ನಾಲ್ಕು ಲಕ್ಷದ ಮುದ್ರಾ ಸಾಲ ಪಡೆದು ಸ್ಕಿನ್ ಕೇರ್ ಪಾರ್ಲರ್ ತೆರೆದಿದ್ದೀರಿ. ಇಬ್ಬರು ಹುಡುಗಿಯರು ಕೆಲಸಕ್ಕಿದ್ದಾರೆ. ಫೇಶಿಯಲ್, ವ್ಯಾಕ್ಸಿಂಗ್ ಜೊತೆಗೆ ಕೆಮಿಕಲ್ ಪೀಲ್ (ಆಮ್ಲ ಹಚ್ಚಿ ಚರ್ಮದ ಮೇಲ್ಪದರ ತೆಗೆಯುವುದು) ಕೂಡ ಮಾಡುತ್ತೀರಿ. ಕೂದಲು ತೆಗೆಯುವ ಲೇಸರ್ ಯಂತ್ರ ಕೊಳ್ಳುವ ಯೋಚನೆ ಇದೆ. ಬ್ಯಾಂಕಿನವರು "ವಿಮೆ ಆಗಿದೆ" ಎಂದಿದ್ದಾರೆ, ಇನ್ನೊಂದು ಬೇಕೇ?

ಬೇಕು. ನಾನು ಬಳ್ಳಾರಿಯಲ್ಲಿ ಸಾಮಾನ್ಯ ವಿಮೆಯ ಏಜೆಂಟ್. ಪಾಲಿಸಿ ಮಾರಿಯೇ ನಮ್ಮ ಮನೆಯ ಒಲೆ ಉರಿಯಬೇಕು, ಆದ್ದರಿಂದ ನನ್ನ "ಬೇಕು" ಎಂಬ ಮಾತನ್ನು ಸ್ವಲ್ಪ ಅನುಮಾನದಿಂದಲೇ ಓದಿ. ಆದರೆ ಪಾಲಿಸಿಯ ಪ್ರತಿಯನ್ನು ಬ್ಯಾಂಕಿನಿಂದ ತರಿಸಿಕೊಂಡು ನೀವೇ ಒಮ್ಮೆ ನೋಡಿ. ಹೆಚ್ಚಿನ ಕಡೆ ಅದು ಬೆಂಕಿ ವಿಮೆಯಾಗಿರುತ್ತದೆ. ಒಂದೇ ಜಾಗದಲ್ಲಿ 5 ಕೋಟಿ ರೂಪಾಯಿವರೆಗಿನ ಆಸ್ತಿ ಇರುವ ಸಣ್ಣ ಉದ್ಯಮಗಳಿಗೆ 2021ರ ಏಪ್ರಿಲ್‌ನಿಂದ ಬಂದಿರುವ "ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ" ಎಂಬ ಪಾಲಿಸಿ ಇದ್ದರೂ ಇರಬಹುದು. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಗಲಭೆಯಿಂದಾಗುವ ಹಾನಿಗೆ ಅದು ಸರಿ. ಪರಿಹಾರದ ಹಣ ಮೊದಲು ಬ್ಯಾಂಕಿಗೆ ಹೋಗಲಿ ಎಂಬ ಷರತ್ತೂ ಅದರಲ್ಲಿರುತ್ತದೆ. ಗಿರಾಕಿಯ ಮುಖಕ್ಕೆ ಏನಾದರೂ ಆದರೆ ಅದರಿಂದ ಒಂದು ರೂಪಾಯಿಯೂ ಹುಟ್ಟುವುದಿಲ್ಲ.

ಆ ಪಾಲಿಸಿಯಲ್ಲೇ ಎರಡು ವಿಷಯ ಪರೀಕ್ಷಿಸಿ. ಮೊದಲನೆಯದು ಮೊತ್ತ. ಬ್ಯಾಂಕು ತನ್ನ ಸಾಲಕ್ಕೆ ತಕ್ಕಷ್ಟು ಮಾತ್ರ ಬರೆಸಿರಬಹುದು. ಯಂತ್ರ, ಕುರ್ಚಿ, ಎ.ಸಿ., ಒಳಾಂಗಣ, ಸಾಮಾನು ಎಲ್ಲ ಸೇರಿ 8 ಲಕ್ಷ ಬಾಳುತ್ತಿದ್ದು, ವಿಮೆ 4 ಲಕ್ಷಕ್ಕೆ ಇದ್ದರೆ, 1 ಲಕ್ಷದ ಹಾನಿಗೆ ಸುಮಾರು 50,000 ಮಾತ್ರ ಕೈಸೇರುತ್ತದೆ. "4 ಲಕ್ಷದವರೆಗೆ ಪೂರ್ತಿ ಕೊಡುತ್ತಾರಲ್ಲ" ಎಂದು ಎಲ್ಲರೂ ನಂಬಿರುತ್ತಾರೆ, ಹಾಗಿಲ್ಲ. ವಿಮೆ ಆಸ್ತಿಯ ಬೆಲೆಯ ಅರ್ಧಕ್ಕಿದ್ದರೆ ಪರಿಹಾರವೂ ಹಾನಿಯ ಅರ್ಧವೇ. ಸೂಕ್ಷ್ಮ ಉದ್ಯಮದ ಪಾಲಿಸಿಯಲ್ಲಿ ಮೊತ್ತ ಶೇ. 15ರವರೆಗೆ ಕಡಿಮೆಯಿದ್ದರೆ ಮನ್ನಿಸುತ್ತಾರೆ, ಅರ್ಧಕ್ಕರ್ಧ ಕಡಿಮೆಯಿದ್ದರೆ ಇಲ್ಲ.

ಎರಡನೆಯದು ಕರೆಂಟು. ಮೇ ತಿಂಗಳ ಮೊದಲ ಮಳೆಗಾಳಿಗೆ ಕರೆಂಟು ಹೋಗಿ, ಬಂದಾಗ ಒಮ್ಮೆಲೇ ಹೆಚ್ಚಿನ ವೋಲ್ಟೇಜಿನಲ್ಲಿ ಬರುವುದು ನಮ್ಮ ಸೀಮೆಯಲ್ಲಿ ಯಾರಿಗೂ ಹೊಸದಲ್ಲ. ಹೊಸಪೇಟೆ ರಸ್ತೆಯ ಒಬ್ಬ ಪಾರ್ಲರಿನವರ ಹೈಡ್ರಾ ಫೇಶಿಯಲ್ ಯಂತ್ರ ಹೀಗೆಯೇ ಸುಟ್ಟಿತು. ಹಿಂಬದಿಯ ಮುಚ್ಚಳ ಬಿಚ್ಚಿದರೆ ಬೋರ್ಡಿನ ಮೇಲೆ ಬೆರಳಗಲ ಕಪ್ಪು ಕಲೆ, ಅಷ್ಟೇ. ಗೋಡೆಗೆ ಮಸಿ ಕೂಡ ಹತ್ತಿರಲಿಲ್ಲ. ಬೆಂಕಿ ವಿಮೆ ಇದಕ್ಕೆ ಕೊಡುವುದಿಲ್ಲ. ವೋಲ್ಟೇಜು ಏರಿ ಅಥವಾ ಶಾರ್ಟ್ ಸರ್ಕ್ಯೂಟ್ ಆಗಿ ಸುಟ್ಟ ಆ ಯಂತ್ರವನ್ನೇ ಅದು ಹೊರಗಿಡುತ್ತದೆ. ಅಲ್ಲಿಂದ ಬೆಂಕಿ ಹರಡಿ ಪಕ್ಕದ ಪರದೆ, ಕಪಾಟು ಉರಿದರೆ ಅವುಗಳಿಗೆ ಮಾತ್ರ ಪರಿಹಾರ. ಯಂತ್ರಕ್ಕೇ ಬೇಕೆಂದರೆ ಎಲೆಕ್ಟ್ರಾನಿಕ್ ಉಪಕರಣ ವಿಮೆ ಬೇರೆ ಇದೆ. ಅಂಗಡಿದಾರರ ಪ್ಯಾಕೇಜ್ ಪಾಲಿಸಿಯಲ್ಲಿ ಬೆಂಕಿ, ಕನ್ನಗಳವು, ಗಾಜು, ಉಪಕರಣ ಎಲ್ಲವನ್ನೂ ಒಟ್ಟಿಗೆ ಕೊಡುತ್ತಾರೆ. ನಿಮ್ಮಂಥವರಿಗೆ ಅದೇ ಅನುಕೂಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಿಮ್ಮ ವೃತ್ತಿಯಲ್ಲಿ ದೊಡ್ಡ ಹೊಡೆತ ಅಂಗಡಿಯಿಂದ ಬರುವುದಿಲ್ಲ, ಗಿರಾಕಿಯ ಕೆನ್ನೆಯಿಂದ ಬರುತ್ತದೆ. ಮದುವೆಗೆ ಎರಡು ದಿನ ಇರುವಾಗ ಮದುಮಗಳೊಬ್ಬಳು ಬಂದು ಪೀಲ್ ಮಾಡಿಸಿಕೊಳ್ಳುತ್ತಾಳೆ, ಅದೇ ಮಧ್ಯಾಹ್ನ 40 ಡಿಗ್ರಿ ಬಿಸಿಲಿನಲ್ಲಿ ಸ್ಕೂಟರ್ ಮೇಲೆ ಬಟ್ಟೆ ಅಂಗಡಿ ಸುತ್ತುತ್ತಾಳೆ. ನಮ್ಮ ಮೈಬಣ್ಣದ ಚರ್ಮ ಕೆರಳಿದರೆ ಕಪ್ಪು ಕಲೆ ಬೀಳುವುದು ಬೇಗ, ಹೋಗಲು ತಿಂಗಳುಗಳೇ ಬೇಕು. ಆ ಮನೆಯವರು ಚಿಕಿತ್ಸೆಯ ಖರ್ಚನ್ನಷ್ಟೇ ಕೇಳಿ ಸುಮ್ಮನಾಗುತ್ತಾರೆಯೇ? ಮದುವೆಯ ಫೋಟೊ, ಮಾನಸಿಕ ಯಾತನೆ ಎಲ್ಲ ಲೆಕ್ಕಕ್ಕೆ ಬರುತ್ತವೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಎರಡು ವರ್ಷದ ಅವಧಿಯಿದೆ. ಪಾವತಿಸಿದ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ಕಡ್ಡಾಯವೂ ಇಲ್ಲ.

ಇದಕ್ಕೆ ಬೇಕಾದದ್ದು ಹೊಣೆಗಾರಿಕೆ ವಿಮೆ. ಇದರಲ್ಲೂ ಎರಡು ಬಗೆ ಇವೆ, ಏಜೆಂಟರು ಬೇಕೆಂದೋ ತಿಳಿಯದೆಯೋ ಒಂದನ್ನು ತೋರಿಸಿ ಇನ್ನೊಂದನ್ನು ಮರೆಸುತ್ತಾರೆ. ಪಬ್ಲಿಕ್ ಲಯಬಿಲಿಟಿ ಎಂದರೆ ಗಿರಾಕಿ ನಿಮ್ಮ ಒದ್ದೆ ನೆಲದಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡರೆ ಕೊಡುವಂಥದ್ದು. ನೀವು ಮಾಡಿದ ಪೀಲ್‌ನಿಂದ ಸುಟ್ಟರೆ ಅದು ವೃತ್ತಿಪರ ಸೇವೆಯ ದೋಷ. ಅದಕ್ಕೆ ಪ್ರೊಫೆಷನಲ್ ಇಂಡೆಮ್ನಿಟಿ ಬೇಕು. ಇಂಗ್ಲೆಂಡಿನಲ್ಲಿ ಬ್ಯೂಟಿಷಿಯನ್ನರಿಗೆಂದೇ ಸಿದ್ಧ ಪಾಲಿಸಿ ಸಿಗುತ್ತದೆ, ಇಂಟರ್‌ನೆಟ್ ತುಂಬ ಅದೇ ಮಾಹಿತಿ. ನಮ್ಮಲ್ಲಿ ಇಂಡೆಮ್ನಿಟಿ ಎಂದರೆ ವೈದ್ಯರು, ಲೆಕ್ಕಪರಿಶೋಧಕರು, ವಕೀಲರು ಎಂಬ ರೂಢಿಯೇ ಹೆಚ್ಚು. ನಿಮ್ಮದನ್ನು ವಿಮಾ ಕಂಪನಿಯ ಅಂಡರ್‌ರೈಟರ್ (ಅಪಾಯ ಅಳೆದು ವಿಮೆ ಕೊಡಬೇಕೇ ಎಂದು ತೀರ್ಮಾನಿಸುವ ಅಧಿಕಾರಿ) ಪ್ರತ್ಯೇಕವಾಗಿ ನೋಡಿ ಒಪ್ಪಬೇಕು. ಶಾಖೆಯ ಮೊದಲ ಟೇಬಲ್ಲಿನಲ್ಲಿ "ಅಂಥದ್ದಿಲ್ಲ" ಎಂದರೆ ಎದ್ದು ಬರಬೇಡಿ, ಲಿಖಿತ ಅರ್ಜಿ ಕೊಟ್ಟು ವಿಭಾಗೀಯ ಕಚೇರಿಗೆ ಕಳುಹಿಸಲು ಹೇಳಿ.

ಅರ್ಜಿಯಲ್ಲಿ "ಬ್ಯೂಟಿ ಪಾರ್ಲರ್" ಎಂದಷ್ಟೇ ಬರೆದು ಮುಗಿಸಬೇಡಿ. ಪೀಲ್ ಮಾಡುತ್ತೀರೆಂದರೆ ಯಾವ ಆಮ್ಲ, ಎಷ್ಟು ಪ್ರಮಾಣದ್ದು, ಯಾರು ಹಚ್ಚುತ್ತಾರೆ, ಅವರು ಎಲ್ಲಿ ತರಬೇತಿ ಪಡೆದರು ಎಂಬುದನ್ನೂ ಬರೆಯಿರಿ. ಪ್ರೀಮಿಯಂ ಸ್ವಲ್ಪ ಏರಬಹುದು, ಏರಲಿ. ಮುಚ್ಚಿಟ್ಟ ಕೆಲಸದಿಂದ ಕ್ಲೇಮು ಬಂದರೆ ಕಟ್ಟಿದ ಪ್ರೀಮಿಯಂ ನೀರಿನಲ್ಲಿ ಹೋಮ. ಒಂದು ಘಟನೆಗೆ ಎಷ್ಟು, ವರ್ಷಕ್ಕೆ ಒಟ್ಟು ಎಷ್ಟು, ಪ್ರತಿ ಕ್ಲೇಮಿನಲ್ಲಿ ನಿಮ್ಮ ಕೈಯಿಂದ ಎಷ್ಟು, ಈ ಮೂರು ಅಂಕಿಗಳನ್ನು ಬಾಯಿಮಾತಿನಲ್ಲಿ ಕೇಳದೆ ಕಾಗದದ ಮೇಲೆ ನೋಡಿ. ಇಂಡೆಮ್ನಿಟಿ ಪಾಲಿಸಿ ಸಾಮಾನ್ಯವಾಗಿ ಕ್ಲೇಮು ಬಂದ ದಿನ ಚಾಲ್ತಿಯಲ್ಲಿರಬೇಕು. ಹಿಂದಿನ ವರ್ಷ ಮಾಡಿದ ಪೀಲ್‌ಗೆ ಈ ವರ್ಷ ನೋಟಿಸು ಬರಬಹುದು. ನಡುವೆ ನವೀಕರಣ ತಪ್ಪಿದರೆ ಹಳೆಯ ಕೆಲಸಕ್ಕೆಲ್ಲ ರಕ್ಷಣೆ ಹೋಗುತ್ತದೆ.

ಇನ್ನೊಂದು ಷರತ್ತು ನಮ್ಮ ಜನರ ಸ್ವಭಾವಕ್ಕೆ ಒಗ್ಗುವುದಿಲ್ಲ. ಮುಖ ಕೆಂಪಾದ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಬಂದ ಕೂಡಲೇ "ನನ್ನದೇ ತಪ್ಪು ಅಕ್ಕಾ, ಖರ್ಚೆಲ್ಲ ಕೊಡುತ್ತೇನೆ" ಎಂದು ಬರೆದುಬಿಡುತ್ತಾರೆ. ವಿಮಾ ಕಂಪನಿಯ ಒಪ್ಪಿಗೆಯಿಲ್ಲದೆ ಹೊಣೆ ಒಪ್ಪಿಕೊಂಡರೆ ಕ್ಲೇಮು ತಿರಸ್ಕರಿಸಲು ಅದೊಂದೇ ಸಾಕು. ಹಾಗೆಂದು ಫೋನ್ ಆಫ್ ಮಾಡಿ ಕುಳಿತುಕೊಳ್ಳುವುದೂ ಸರಿಯಲ್ಲ. ಅವರನ್ನು ತಕ್ಷಣ ಚರ್ಮವೈದ್ಯರ ಬಳಿಗೆ ಕರೆದುಕೊಂಡು ಹೋಗಿ, ಜೊತೆಗಿರಿ, ಅದೇ ದಿನ ಕಂಪನಿಗೆ ಇ-ಮೇಲ್ ಕಳುಹಿಸಿ.

ಕಾಗದಪತ್ರವೇ ನಿಮ್ಮ ಸಾಕ್ಷಿ. ಪ್ರತಿ ಗಿರಾಕಿಗೆ ಒಂದು ಕಾರ್ಡು ಇಡಿ: ಅಲರ್ಜಿ, ಬಳಸುತ್ತಿರುವ ಮಾತ್ರೆ-ಮುಲಾಮು, ಗರ್ಭಿಣಿಯೇ, ಕಿವಿಯ ಹಿಂದೆ ಪ್ಯಾಚ್ ಟೆಸ್ಟ್ (ಚೂರು ಹಚ್ಚಿ ಅಲರ್ಜಿ ನೋಡುವುದು) ಮಾಡಿದ ದಿನ, ಬಾಟಲಿಯ ಬ್ಯಾಚ್ ಸಂಖ್ಯೆ, ಬಿಸಿಲಿನ ಎಚ್ಚರಿಕೆ ಕೊಟ್ಟದ್ದು, ಅವರ ಸಹಿ. ಕಾರ್ಡು ಕನ್ನಡದಲ್ಲಿರಲಿ, ಓದಲು ಬಾರದ ಭಾಷೆಯ ಒಪ್ಪಿಗೆಗೆ ಆಯೋಗದ ಮುಂದೆ ಏನು ಬೆಲೆ? "ಬೆಳ್ಳಗಾಗುವ ಕ್ರೀಮು" ಎಂದು ಮೆಡಿಕಲ್ ಶಾಪಿನಿಂದ ಸ್ಟೀರಾಯ್ಡ್ ಮುಲಾಮು ತಂದು ಹಚ್ಚುವ ಅಭ್ಯಾಸ ಕೆಲವು ಪಾರ್ಲರುಗಳಲ್ಲಿ ಇದೆ. ಕ್ಲೋಬೆಟಾಸಾಲ್, ಬೆಟಾಮೆಥಸೋನ್, ಮೊಮೆಟಾಸೋನ್ ಇರುವಂಥವು ವೈದ್ಯರ ಚೀಟಿಯ ಮೇಲೆ ಮಾತ್ರ ಮಾರಬೇಕಾದ ಔಷಧಗಳು. ಅದರಿಂದಾದ ಹಾನಿಗೆ ಯಾವ ಪಾಲಿಸಿಯೂ ನಿಮ್ಮ ಬೆನ್ನಿಗೆ ನಿಲ್ಲುವುದಿಲ್ಲ, ನಿಲ್ಲಲೂಬಾರದು.

ಹುಡುಗಿಯರಿಗೆ ಕೆಲಸಗಾರರ ಪರಿಹಾರ ವಿಮೆ ಸೇರಿಸಿಕೊಳ್ಳಿ. ಜೊತೆಗೆ ಅವರ ಬ್ಯಾಂಕ್ ಖಾತೆಯಲ್ಲಿ ವರ್ಷಕ್ಕೆ 20 ರೂಪಾಯಿಯ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಮಾಡಿಸಿ. ಅಪಘಾತದಲ್ಲಿ ಸತ್ತರೆ 2 ಲಕ್ಷ. ಇದರಲ್ಲಿ ನನಗೆ ಕಮಿಷನ್ ಇಲ್ಲ.

ಕ್ಲೇಮು ಅನ್ಯಾಯವಾಗಿ ತಳ್ಳಿಹಾಕಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದರೂ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ (ವಿಮೆಯ ದೂರುಗಳನ್ನು ವಿಚಾರಿಸುವ ಅಧಿಕಾರಿ) ಬಳಿ ಹೋಗಬಹುದು. ಒಬ್ಬರದೇ ಮಾಲೀಕತ್ವದ ಅಂಗಡಿಗಳ ಪಾಲಿಸಿಗೂ ಅದು ಅನ್ವಯಿಸುತ್ತದೆ, ಖರ್ಚಿಲ್ಲ.

ಇನ್ನು ಲೇಸರ್. ಯಂತ್ರ ಮಾರುವವರು "ಎರಡು ದಿನದ ತರಬೇತಿ ಉಚಿತ, ಸರ್ಟಿಫಿಕೇಟ್ ಕೊಡುತ್ತೇವೆ" ಎನ್ನುತ್ತಾರೆ. ಆ ಸರ್ಟಿಫಿಕೇಟನ್ನು ಅಂಡರ್‌ರೈಟರ್ ಒಪ್ಪುತ್ತಾರೆಯೇ ಎಂಬುದೇ ಪ್ರಶ್ನೆ. ಚರ್ಮವೈದ್ಯರು ಬಂದು ಕೂರುವ ವ್ಯವಸ್ಥೆ ಮಾಡಿಕೊಂಡರೆ ಜಾಗ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗಬೇಕಾಗುತ್ತದೆ. ಅದಿಲ್ಲದೆ ಬೋರ್ಡಿನ ಮೇಲೆ "ಸ್ಕಿನ್ ಕ್ಲಿನಿಕ್" ಎಂದು ಬರೆಸಿದ್ದರೆ ಇಂದೇ ಅಳಿಸಿ. ಬೊಟಾಕ್ಸ್, ಫಿಲ್ಲರ್‌ನಂಥ ಸೂಜಿಯ ಕೆಲಸವನ್ನಂತೂ ವೈದ್ಯರಲ್ಲದವರು ಮುಟ್ಟಲೇಬಾರದು. ಯಂತ್ರಕ್ಕೆ ಮುಂಗಡ ಕೊಡುವ ಮೊದಲು, ಅದರ ಹೆಸರು, ಮಾದರಿ ಮತ್ತು ನಡೆಸುವವರ ಅರ್ಹತೆ ಬರೆದು ಎರಡು ಮೂರು ಕಂಪನಿಗಳಿಗೆ ಕಳುಹಿಸಿ, ಹೊಣೆಗಾರಿಕೆ ವಿಮೆ ಕೊಡುತ್ತೀರಾ ಎಂದು ಕೇಳಿ. ಯಾರೂ ಕೊಡದಿದ್ದರೆ ಯಂತ್ರ ಕೊಳ್ಳಬೇಡಿ.