ಕೆನಡಾದ ಅಟ್ಲಾಂಟಿಕ್ ಪ್ರೋಗ್ರಾಮ್‌ನಲ್ಲಿ ಕಿಚನ್ ಕೆಲಸಕ್ಕೆ ಏಜೆಂಟ್ 17 ಲಕ್ಷ ಕೇಳುತ್ತಿದ್ದಾನೆ, ಕೊಡಬಹುದಾ?

ನೀವು ಬರೆದಿದ್ದನ್ನು ಎರಡು ಸಲ ಓದಿದೆ. ದಾವಣಗೆರೆಯ ಹೋಟೆಲ್‌ನಲ್ಲಿ ಏಳು ವರ್ಷ ಅಡುಗೆ ಕೆಲಸ, ಪಿಯುಸಿ ಓದು, ಹೆಂಡತಿ, ಒಂದು ಮಗು. ಏಜೆಂಟ್ ಒಬ್ಬ ನ್ಯೂ ಬ್ರನ್ಸ್‌ವಿಕ್‌ನಲ್ಲಿ 'ಕಿಚನ್ ಹೆಲ್ಪರ್' ಕೆಲಸ ಇದೆ, ಅಟ್ಲಾಂಟಿಕ್ ಇಮಿಗ್ರೇಷನ್ ಪ್ರೋಗ್ರಾಮ್‌ನಲ್ಲಿ ಆರು ತಿಂಗಳಿಗೆ ಪಿಆರ್ (ಅಲ್ಲಿ ಕಾಯಂ ಆಗಿ ನೆಲೆಸುವ ಹಕ್ಕು) ಗ್ಯಾರಂಟಿ ಅಂತ ಹೇಳಿ 17 ಲಕ್ಷ ಕೇಳಿದ್ದಾನೆ. ಮೊದಲ ಕಂತು 5 ಲಕ್ಷ. ಅದಕ್ಕಾಗಿ ನಿಮ್ಮ ತಂದೆ ಚನ್ನಗಿರಿ ಕಡೆಯ ಅಡಿಕೆ ತೋಟದ ಪಹಣಿ ಹಿಡಿದು ಬ್ಯಾಂಕಿಗೆ ಓಡಾಡುತ್ತಿದ್ದಾರೆ.

ಕೊಡಬೇಡಿ. ಒಂದು ರೂಪಾಯಿಯೂ ಕೊಡಬೇಡಿ. ಮೊದಲು ಅಪ್ಪನಿಗೆ ಫೋನ್ ಮಾಡಿ ಸಾಲದ ಪತ್ರಕ್ಕೆ ಸಹಿ ಹಾಕಬೇಡಿ ಅಂತ ಹೇಳಿ, ಆಮೇಲೆ ಉಳಿದದ್ದು ಓದಿ.

ನಾನು ಕುಂದಾಪುರದ ಕಡೆಯವನು. ಬೆಂಗಳೂರಿನ ಹೋಟೆಲ್ ಕಿಚನ್‌ಗಳಲ್ಲಿ ಒಂಬತ್ತು ವರ್ಷ ದುಡಿದು, ಇದೇ ಪ್ರೋಗ್ರಾಮ್‌ನಲ್ಲಿ 2023ರ ಮಾರ್ಚ್‌ನಲ್ಲಿ ನ್ಯೂ ಬ್ರನ್ಸ್‌ವಿಕ್‌ನ ಒಂದು ಸಣ್ಣ ಊರಿಗೆ ಬಂದೆ. ನರ್ಸಿಂಗ್ ಹೋಮ್ ಒಂದರಲ್ಲಿ ಕುಕ್ ಆಗಿದ್ದೇನೆ. ಇಲ್ಲಿ ನರ್ಸಿಂಗ್ ಹೋಮ್ ಅಂದರೆ ನಮ್ಮೂರಿನ ಹಾಗೆ ಚಿಕ್ಕ ಆಸ್ಪತ್ರೆ ಅಲ್ಲ, ತೀರಾ ವಯಸ್ಸಾದವರನ್ನು ನೋಡಿಕೊಳ್ಳುವ ಜಾಗ. ಹಾಗಾಗಿ ನಿಮ್ಮ ವಿಷಯ ನನಗೆ ಹೊರಗಿನದಲ್ಲ.

ಏಜೆಂಟ್ ಹೇಳಿದ್ದರಲ್ಲಿ ಮೊದಲನೇ ಮಾತೇ ತಪ್ಪು. ಕೆನಡಾದಲ್ಲಿ ಪ್ರತಿ ಕೆಲಸಕ್ಕೂ ಒಂದು ದರ್ಜೆ ಇದೆ, ಟಿಯರ್ ಅಂತಾರೆ, 0ರಿಂದ 5ರವರೆಗೆ. ಅಟ್ಲಾಂಟಿಕ್ ಪ್ರೋಗ್ರಾಮ್ ತೆಗೆದುಕೊಳ್ಳುವುದು 0ರಿಂದ 4ರವರೆಗಿನ ಕೆಲಸಗಳನ್ನು ಮಾತ್ರ. ಕುಕ್ ಟಿಯರ್ 3. ಟ್ರಕ್ ಡ್ರೈವರ್, ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಕೇರ್ ಏಡ್ ಕೂಡ 3. ಮೀನು ಫ್ಯಾಕ್ಟರಿಯ ಕೆಲಸಗಾರ 4. ಕಿಚನ್ ಹೆಲ್ಪರ್ ಟಿಯರ್ 5. ಅಂದರೆ ನಿಮಗೆ ತೋರಿಸಿದ ಕೆಲಸಕ್ಕೆ ಈ ಪ್ರೋಗ್ರಾಮ್‌ನಲ್ಲಿ ಜಾಗವೇ ಇಲ್ಲ. ಆ ಆಫರ್ ಲೆಟರ್ ನಿಜವಾಗಿಯೇ ಇದ್ದರೂ ಅದರಿಂದ ಈ ದಾರಿಯಲ್ಲಿ ಪಿಆರ್ ಸಿಗುವುದಿಲ್ಲ. ಟಿಯರ್ 5 ಕೆಲಸವನ್ನೂ ಪರಿಗಣಿಸುವ ಬೇರೆ ಯೋಜನೆ ಒಂದಿದೆ. 2025ರ ಜನವರಿಯಲ್ಲಿ ಘೋಷಿಸಿದ ಗ್ರಾಮೀಣ ಪೈಲಟ್, ಅಂದರೆ ಪ್ರಯೋಗಕ್ಕೆ ಅಂತ ಶುರು ಮಾಡಿದ್ದು, ಸಡ್‌ಬರಿ, ಥಂಡರ್ ಬೇ, ಬ್ರಾಂಡನ್ ಥರದ 14 ಕಡೆ. ಅಲ್ಲಿ ಆಯಾ ಊರಿನವರೇ ತಮಗೆ ಯಾವ ಕೆಲಸಕ್ಕೆ ಜನ ಬೇಕು ಅಂತ ಪಟ್ಟಿ ಮಾಡುತ್ತಾರೆ. ಆದರೆ ನ್ಯೂ ಬ್ರನ್ಸ್‌ವಿಕ್‌ನ ಒಂದೂ ಊರು ಅದರಲ್ಲಿಲ್ಲ.

ಈ ಪ್ರೋಗ್ರಾಮ್ ಯಾಕೆ ಹುಟ್ಟಿತು ಅಂತ ಗೊತ್ತಾದರೆ ದುಡ್ಡು ಯಾವ ಕಡೆಯಿಂದ ಯಾವ ಕಡೆಗೆ ಹರಿಯಬೇಕು ಅನ್ನುವುದೂ ಗೊತ್ತಾಗುತ್ತದೆ. ಕೆನಡಾದ ಪೂರ್ವ ತುದಿಯಲ್ಲಿ ನಾಲ್ಕು ಪ್ರಾಂತ್ಯಗಳಿವೆ: ನ್ಯೂ ಬ್ರನ್ಸ್‌ವಿಕ್, ನೋವಾ ಸ್ಕೋಷಿಯಾ, ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡ್, ನ್ಯೂಫೌಂಡ್‌ಲ್ಯಾಂಡ್ ಮತ್ತು ಲ್ಯಾಬ್ರಡಾರ್. ಓದಿದ ಹುಡುಗರು ಟೊರಾಂಟೊ ಕಡೆಗೋ ಆಲ್ಬರ್ಟಾದ ಎಣ್ಣೆ ಕಂಪನಿಗಳಿಗೋ ಹೋಗಿಬಿಡುತ್ತಾರೆ, ಊರಲ್ಲಿ ಉಳಿಯುವುದು ವಯಸ್ಸಾದವರು. ನಾನು ಗಂಗೊಳ್ಳಿ ಬಂದರಿನ ಪಕ್ಕ ಬೆಳೆದವನು, ಅದಕ್ಕೇ ನ್ಯೂಫೌಂಡ್‌ಲ್ಯಾಂಡ್‌ನ ಕಥೆ ಕೇಳಿದಾಗ ಮನಸ್ಸಿಗೆ ನಾಟಿತು. ಅಲ್ಲಿ ಕಾಡ್ ಅನ್ನುವ ಮೀನು ಖಾಲಿಯಾಗುತ್ತಾ ಬಂದು 1992ರ ಜುಲೈನಲ್ಲಿ ಸರ್ಕಾರ ಅದನ್ನು ಹಿಡಿಯುವುದನ್ನೇ ನಿಲ್ಲಿಸಿತು. ಸುಮಾರು 30,000 ಜನರ ಕೆಲಸ ಹೋಯಿತು. ದೋಣಿ ಕಟ್ಟಿಹಾಕಿ ಹೋದವರ ಮಕ್ಕಳು ವಾಪಸ್ ಬರಲಿಲ್ಲ. ಈಗ ಕಟ್ಟಡ ಕಟ್ಟಲು, ಲಾರಿ ಓಡಿಸಲು, ಅಜ್ಜ ಅಜ್ಜಿಯರನ್ನು ನೋಡಿಕೊಳ್ಳಲು ಜನ ಸಾಲುತ್ತಿಲ್ಲ. ವಲಸೆ ಬಂದವರೂ ದೊಡ್ಡ ನಗರ ಬಿಟ್ಟು ಈ ಕಡೆ ಬರುವುದು ಕಡಿಮೆ. ಅದಕ್ಕೆ 2017ರಲ್ಲಿ ಇದನ್ನು ಪೈಲಟ್ ಆಗಿ ಶುರು ಮಾಡಿದರು, 2022ರಲ್ಲಿ ಕಾಯಂ ಮಾಡಿದರು.

ಜನ ಬೇಕಾಗಿರುವುದು ಮಾಲೀಕನಿಗೆ. ಹಾಗಾಗಿ ಮೊದಲ ಹೆಜ್ಜೆಗಳೆಲ್ಲ ಅವನವೇ. ಅವನು ಪ್ರಾಂತ್ಯದ ಹತ್ತಿರ ಹೋಗಿ 'ಡೆಸಿಗ್ನೇಟೆಡ್ ಎಂಪ್ಲಾಯರ್' ಅಂತ ಮಾನ್ಯತೆ ತೆಗೆದುಕೊಳ್ಳಬೇಕು, ಬೇರೆ ದೇಶದವರ ಜೊತೆ ಹೇಗೆ ಕೆಲಸ ಮಾಡಬೇಕು ಅಂತ ತರಬೇತಿಯನ್ನೂ ಪಡೆಯಬೇಕು. ನಿಮಗೆ ಆಫರ್ ಕೊಟ್ಟ ಮೇಲೆ ಪ್ರಾಂತ್ಯದ ಎಂಡೋರ್ಸ್‌ಮೆಂಟ್‌ಗೆ, ಅಂದರೆ ಒಪ್ಪಿಗೆಗೆ, ಅರ್ಜಿ ಹಾಕುವುದೂ ಅವನೇ. ವರ್ಕ್ ಪರ್ಮಿಟ್‌ಗೆ ಮುಂಚೆ ಸರ್ಕಾರಕ್ಕೆ 230 ಕೆನಡಾ ಡಾಲರ್ ಕಟ್ಟುವುದೂ ಅವನೇ. ಹೊರದೇಶದವರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಬೇರೆ ದಾರಿಗಳಲ್ಲಿ ಮಾಲೀಕ ಸರ್ಕಾರದಿಂದ ಪಡೆಯುವ ಎಲ್‌ಎಂಐಎ ಅನ್ನುವ ಕಾಗದ ಈ ದಾರಿಯಲ್ಲಿ ಬೇಕಿಲ್ಲ. ಯಾರಾದರೂ 'ಎಲ್‌ಎಂಐಎ ಕೊಡಿಸ್ತೀನಿ, ಅಟ್ಲಾಂಟಿಕ್‌ನಲ್ಲಿ ಕಳಿಸ್ತೀನಿ' ಅಂತ ಎರಡನ್ನೂ ಒಟ್ಟಿಗೆ ಹೇಳಿದರೆ ಅವರಿಗೆ ವಿಷಯ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೇ ಮೋಸ ಮಾಡುತ್ತಿದ್ದಾರೆ.

ನಿಮ್ಮ ಕಡೆಯಿಂದ ಸರ್ಕಾರಕ್ಕೆ ಹೋಗುವ ದುಡ್ಡು ಎಷ್ಟು? ವರ್ಕ್ ಪರ್ಮಿಟ್‌ಗೆ 155 ಡಾಲರ್, ಬಯೋಮೆಟ್ರಿಕ್ಸ್‌ಗೆ (ಬೆರಳಚ್ಚು, ಫೋಟೋ) 85, ಪಿಆರ್ ಅರ್ಜಿಗೆ ದೊಡ್ಡವರಿಗೆ ತಲಾ ಸುಮಾರು ಒಂದೂವರೆ ಸಾವಿರ, ಮಗುವಿಗೆ ಅದಕ್ಕಿಂತ ತುಂಬಾ ಕಡಿಮೆ. ಇದರ ಜೊತೆ ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ, ನಿಮ್ಮ ಓದಿನ ಮೌಲ್ಯಮಾಪನ, ಮೆಡಿಕಲ್, ವಿಮಾನದ ಟಿಕೆಟ್. ಬಂದು ಇಳಿದ ಮೇಲೆ ಬದುಕಲು ಸ್ವಲ್ಪ ಹಣ ಬ್ಯಾಂಕಿನಲ್ಲಿ ತೋರಿಸಬೇಕು, ಅದು ಖರ್ಚಲ್ಲ, ನಿಮ್ಮದೇ ದುಡ್ಡು. ಏಜೆಂಟ್ ಕೊಟ್ಟ ಪಟ್ಟಿಯಲ್ಲಿ 'ಸೆಟ್ಲ್‌ಮೆಂಟ್ ಪ್ಲಾನ್ 1.5 ಲಕ್ಷ' ಅಂತ ಇದೆ ಅಂದಿರಿ. ಅದನ್ನು ಓದಿ ನನಗೆ ನಿಜವಾಗಲೂ ಸಿಟ್ಟು ಬಂತು. ಅದು ಕುಟುಂಬ ಅಲ್ಲಿ ಬಂದು ನೆಲೆಸಲು ಏನೇನು ಬೇಕು ಅಂತ ಬರೆದುಕೊಡುವ ಕಾಗದ, ಪೂರ್ತಿ ಉಚಿತ. ನನಗೆ ಆ ಪ್ಲಾನ್ ಮಾಡಿಕೊಟ್ಟ ಹೆಂಗಸು ವಿಡಿಯೋ ಕಾಲ್‌ನಲ್ಲಿ ಮುಕ್ಕಾಲು ಗಂಟೆ ಮಾತಾಡಿದರು. ಮಗಳು ಯಾವ ಕ್ಲಾಸು, ಹೆಂಡತಿ ಇಂಗ್ಲಿಷ್ ಕಲಿಯಬೇಕಾ, ಕಾರು ಓಡಿಸಲು ಬರುತ್ತಾ ಅಂತ ಒಂದೊಂದೇ ಕೇಳಿ ಬರೆದುಕೊಂಡರು. ಒಂದು ಪೈಸೆ ಕೇಳಲಿಲ್ಲ.

ಕೆಲಸ ಕೊಡಿಸಿದ್ದಕ್ಕೆ ಅಂತ ಹೊರದೇಶದ ಕೆಲಸಗಾರರಿಂದ ದುಡ್ಡು ತೆಗೆದುಕೊಳ್ಳುವುದು ನ್ಯೂ ಬ್ರನ್ಸ್‌ವಿಕ್‌ನಲ್ಲೂ ನೋವಾ ಸ್ಕೋಷಿಯಾದಲ್ಲೂ ಕಾನೂನಿಗೆ ವಿರುದ್ಧ. ನಮ್ಮ ದೇಶದಲ್ಲೂ ಹೊರದೇಶದ ಕೆಲಸಕ್ಕೆ ಕಳಿಸುವವರು ವಿದೇಶಾಂಗ ಇಲಾಖೆಯ ಲೈಸೆನ್ಸ್ ಪಡೆದಿರಬೇಕು, ಅವರು ತೆಗೆದುಕೊಳ್ಳಬಹುದಾದ್ದು ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ಆ ಏಜೆಂಟ್ ಹೆಸರು ಇದೆಯಾ ನೋಡಿ. ಅರ್ಜಿ ತುಂಬಿಸಲು ಸಹಾಯ ಬೇಕು ಅಂದರೆ ಕೆನಡಾದ ಲೈಸೆನ್ಸ್ ಇರುವ ಕನ್ಸಲ್ಟೆಂಟ್‌ಗೆ ಫೀಸು ಕೊಡುವುದು ತಪ್ಪಲ್ಲ. ಅವರ ಹೆಸರು ಕಾಲೇಜ್ ಆಫ್ ಇಮಿಗ್ರೇಷನ್ ಅಂಡ್ ಸಿಟಿಜನ್‌ಶಿಪ್ ಕನ್ಸಲ್ಟೆಂಟ್ಸ್‌ನ ಪಟ್ಟಿಯಲ್ಲಿ ಸಿಗುತ್ತದೆ. ಆ ಫೀಸು ಕಾಗದದ ಕೆಲಸಕ್ಕೆ ಮಾತ್ರ, ನೌಕರಿಗಲ್ಲ. ಇನ್ನೊಂದು ಮಾತು, ಸುಳ್ಳು ಆಫರ್ ಇಟ್ಟು ಅರ್ಜಿ ಹಾಕಿ ಸಿಕ್ಕಿಬಿದ್ದರೆ ಐದು ವರ್ಷ ಕೆನಡಾಗೆ ಬರುವ ಹಾಗಿಲ್ಲ. ಏಜೆಂಟ್‌ಗೆ ಏನೂ ಆಗುವುದಿಲ್ಲ, ಹೆಸರು ಕೆಡುವುದು ನಿಮ್ಮದು.

ಇದು ಬರೀ ಕಾನೂನಿನ ಮಾತಲ್ಲ. ನಾನು ಬಂದ ಹೊಸತರಲ್ಲಿ ಒಂದೇ ಮನೆಯಲ್ಲಿ ಬಾಡಿಗೆಗಿದ್ದ ಹಾಸನ ಕಡೆಯ ಹುಡುಗನೊಬ್ಬ ಬೇರೆ ದಾರಿಯಲ್ಲಿ 12 ಲಕ್ಷ ಕೊಟ್ಟು ಬಂದಿದ್ದ. ವಾರಕ್ಕೆ 40 ಗಂಟೆ ಅಂತ ಕಾಗದದಲ್ಲಿ, ಕೊಟ್ಟಿದ್ದು 20 ಗಂಟೆ. ಉಳಿದ ಗಂಟೆಗಳ ಸಂಬಳ ಅಕೌಂಟಿಗೆ ಬರುತ್ತಿತ್ತು, ಅದನ್ನು ಅವನು ಕ್ಯಾಷ್ ತೆಗೆದು ಮಾಲೀಕನ ಕೈಗೆ ವಾಪಸ್ ಕೊಡಬೇಕಿತ್ತು. ಪರ್ಮಿಟ್ ಒಬ್ಬನೇ ಮಾಲೀಕನ ಹೆಸರಿಗೆ ಇರುವುದರಿಂದ ಬೇರೆ ಕಡೆ ದುಡಿಯುವ ಹಾಗಿರಲಿಲ್ಲ. ರಾತ್ರಿ ಊರಿಗೆ ಫೋನ್ ಮಾಡುವಾಗ ಬಾತ್‌ರೂಮಿನ ಬಾಗಿಲು ಹಾಕಿಕೊಂಡು, 'ಎಲ್ಲಾ ಚೆನ್ನಾಗಿದೆ ಅಮ್ಮ' ಅನ್ನುತ್ತಿದ್ದ. ಹೀಗೆ ಸಿಕ್ಕಿಕೊಂಡವರಿಗೆ ಅಂತಲೇ 2019ರಿಂದ ಒಂದು ಓಪನ್ ವರ್ಕ್ ಪರ್ಮಿಟ್ ಇದೆ, ಅದಿದ್ದರೆ ಬೇರೆ ಮಾಲೀಕರ ಹತ್ತಿರವೂ ದುಡಿಯಬಹುದು. ಇಲ್ಲಿನ ವಲಸಿಗರ ಸಹಾಯ ಕೇಂದ್ರದವರು ಅವನಿಂದ ಅರ್ಜಿ ಹಾಕಿಸಿದರು, ಸಿಕ್ಕಿತು. 12 ಲಕ್ಷ ಮಾತ್ರ ಹೋದ ಹಾಗೇ.

ಹಾಗಾದರೆ ನಿಮಗೆ ದಾರಿ ಇಲ್ಲವಾ? ಇದೆ. ನೀವು ಹೆಲ್ಪರ್ ಅಲ್ಲ, ಕುಕ್. ಕಳೆದ ಐದು ವರ್ಷದಲ್ಲಿ 1,560 ಗಂಟೆ ಸಂಬಳದ ಕೆಲಸ ಮಾಡಿದ ದಾಖಲೆ ಬೇಕು, ಅಂದರೆ ವಾರಕ್ಕೆ 30 ಗಂಟೆಯ ಲೆಕ್ಕದಲ್ಲಿ ಒಂದು ವರ್ಷ. ನಿಮ್ಮ ಹತ್ತಿರ ಏಳು ವರ್ಷ ಇದೆ. ಟಿಯರ್ 3 ಕೆಲಸಕ್ಕೆ ಐಇಎಲ್‌ಟಿಎಸ್ ಜನರಲ್‌ನಲ್ಲಿ ಕೇಳುವುದು, ಬರೆಯುವುದು, ಮಾತಾಡುವುದು 5, ಓದುವುದು 4 ಬಂದರೆ ಸಾಕು. ಕನ್ನಡ ಮೀಡಿಯಂನಲ್ಲಿ ಓದಿದ ನನಗೇ ಎರಡನೇ ಸಲಕ್ಕೆ ಬಂತು, ಮೊದಲ ಸಲ ಬರವಣಿಗೆಯಲ್ಲಿ ಹೋಗಿತ್ತು. ಓದು ಅಲ್ಲಿನ ಹೈಸ್ಕೂಲ್‌ಗೆ ಸಮ ಇರಬೇಕು, ಪಿಯುಸಿ ಪಾಸಾಗಿದ್ದರೆ ಸಾಮಾನ್ಯವಾಗಿ ಆಗುತ್ತದೆ.

ಕಷ್ಟ ಇರುವುದು ಅನುಭವದ ಕಾಗದದಲ್ಲಿ. ನಮ್ಮ ಹೋಟೆಲ್‌ಗಳು ಹೇಗೆ ನಡೆಯುತ್ತವೆ ಅಂತ ನಿಮಗೆ ಗೊತ್ತಲ್ವಾ? ಸಂಬಳ ಕೈಗೆ, ರಜೆ ಬಾಯಿಮಾತಿನಲ್ಲಿ. ನಾನು ಹಳೇ ಹೋಟೆಲ್‌ಗೆ ಹೋಗಿ ಲೆಟರ್ ಕೇಳಿದಾಗ ಮಾಲೀಕರು ಪ್ರೀತಿಯಿಂದಲೇ ಮೂರು ಸಾಲು ಬರೆದುಕೊಟ್ಟರು, 'ಒಳ್ಳೆಯ ಹುಡುಗ, ಶ್ರಮಜೀವಿ, ಇವನಿಗೆ ಶುಭವಾಗಲಿ' ಅಂತ. ಅದು ಪ್ರಯೋಜನಕ್ಕೆ ಬರುವುದಿಲ್ಲ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ವಾರಕ್ಕೆ ಎಷ್ಟು ಗಂಟೆ, ಸಂಬಳ ಎಷ್ಟು, ಏನೇನು ಕೆಲಸ ಅಂತ ಬಿಡಿಸಿ ಬರೆದು, ಲೆಟರ್‌ಹೆಡ್‌ನಲ್ಲಿ ಸಹಿ, ಸೀಲು, ಫೋನ್ ನಂಬರ್ ಇರಬೇಕು. ನಾನೇ ಒಂದು ಕರಡು ಬರೆದುಕೊಂಡು ಮೂರು ಸಲ ಹೋಗಿ ಬಂದೆ. ಕೊನೆಗೆ ಪಿಎಫ್ ಪಾಸ್‌ಬುಕ್ ಮತ್ತು ಸಂಬಳ ಬರುತ್ತಿದ್ದ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಗಿಟ್ಟ ಮೇಲೆ ಧೈರ್ಯ ಬಂತು. ನಿಮ್ಮ ಸಂಬಳ ಈಗಲೂ ಕೈಗೆ ಬರುತ್ತಿದ್ದರೆ ಈ ತಿಂಗಳಿಂದಲೇ ಅಕೌಂಟಿಗೆ ಹಾಕಿ ಅಂತ ಕೇಳಿ. ತಂದೆಯವರ ತೋಟಕ್ಕಿಂತ ಆ ಸ್ಟೇಟ್‌ಮೆಂಟ್ ನಿಮಗೆ ಜಾಸ್ತಿ ಸಹಾಯ ಮಾಡುತ್ತದೆ.

ಕೆಲಸ ಹುಡುಕುವುದು ಹೇಗೆ ಅಂದರೆ, ಮಾನ್ಯತೆ ಪಡೆದ ಮಾಲೀಕರ ಪಟ್ಟಿಯನ್ನು ಪ್ರಾಂತ್ಯಗಳು ತಮ್ಮ ವೆಬ್‌ಸೈಟ್‌ನಲ್ಲೇ ಹಾಕುತ್ತವೆ. ಆ ಪಟ್ಟಿಯನ್ನು ಖಾಲಿ ಕೆಲಸಗಳನ್ನು ಹಾಕುವ ಕೆನಡಾ ಸರ್ಕಾರದ ಜಾಬ್ ಬ್ಯಾಂಕ್ ವೆಬ್‌ಸೈಟ್ ಜೊತೆ ಹೋಲಿಸಿ ನೋಡುತ್ತಾ ಕುಳಿತೆ. ಎಂಟು ತಿಂಗಳಲ್ಲಿ 160 ಇಮೇಲ್ ಕಳಿಸಿದೆ. ಉತ್ತರ ಬಂದದ್ದು 11, ಇಂಟರ್‌ವ್ಯೂ ಮೂರು. ಈಗಿನ ಮ್ಯಾನೇಜರ್ ವಿಡಿಯೋದಲ್ಲಿ ಕೇಳಿದ ಮೊದಲ ಪ್ರಶ್ನೆ, ನುಂಗಲು ಕಷ್ಟ ಇರುವವರಿಗೆ ಅಡುಗೆ ಮಾಡಿದ್ದೀಯಾ ಅಂತ. ನನ್ನ ಅಜ್ಜಿಗೆ ಪಾರ್ಶ್ವವಾಯು ಆದಾಗ ಗಂಜಿ ಹೇಗೆ ಕಡೆದು ಕೊಡುತ್ತಿದ್ದೆ ಅಂತ ಹೇಳಿದೆ. ಇವತ್ತಿಗೂ ನನ್ನ ದಿನದ ಮುಖ್ಯ ಕೆಲಸ ಅದೇ. ಕ್ಯಾರೆಟ್ ಬೇಯಿಸಿ ನುಣ್ಣಗೆ ಅರೆದು, ಚಮಚದಲ್ಲಿ ತೆಗೆದು ಓರೆ ಮಾಡಿ ನೋಡುತ್ತೇನೆ. ಚಮಚದಲ್ಲಿರುವಾಗ ಆಕಾರ ಬಿಡಬಾರದು, ಓರೆ ಮಾಡಿದರೆ ಒಂದೇ ಮುದ್ದೆಯಾಗಿ ಜಾರಬೇಕು. ಅಂಟಿಕೊಂಡರೂ ತಪ್ಪು, ನೀರಾದರೂ ತಪ್ಪು, ಯಾಕೆಂದರೆ ತಿನ್ನುವವರಿಗೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಶ್ವಾಸಕ್ಕೆ ಹೋಗಬಹುದು. ಬಿಸಿ ಅಡುಗೆ 60 ಡಿಗ್ರಿಗಿಂತ ಕೆಳಗೆ ಇಳಿಯದ ಹಾಗೆ ಥರ್ಮಾಮೀಟರ್ ಚುಚ್ಚಿ ಬರೆದಿಡಬೇಕು. ಕೆಲಸ ಗೊತ್ತಿರುವ ಕುಕ್ ಬೇಕು ಅಂತ ಇವರು ಸಮುದ್ರದ ಆಚೆಯಿಂದ ಕರೆಸಿಕೊಳ್ಳುವುದು ಇದಕ್ಕೇ. ಆ ಕೈಗೆ ಬೆಲೆ ಇದೆ, ಅದಕ್ಕೆ ನೀವೇ ದುಡ್ಡು ಕಟ್ಟುವುದು ಹೇಗೆ ಸರಿ?

ಆರು ತಿಂಗಳ ಗ್ಯಾರಂಟಿ ಬಗ್ಗೆಯೂ ಹೇಳಿಬಿಡುತ್ತೇನೆ. ಹಾಗೆ ಯಾರೂ ಹೇಳಲು ಬರುವುದಿಲ್ಲ. 2025ಕ್ಕೆ ಕೆನಡಾ ಮೊದಲು 5 ಲಕ್ಷ ಜನರಿಗೆ ಪಿಆರ್ ಅಂದಿತ್ತು, ಆಮೇಲೆ ಅದನ್ನು 3,95,000ಕ್ಕೆ ಇಳಿಸಿತು. ಅದರಲ್ಲಿ ಅಟ್ಲಾಂಟಿಕ್ ಪ್ರೋಗ್ರಾಮ್‌ನ ಗುರಿ 5,000, ಅದೂ ಗಂಡ, ಹೆಂಡತಿ, ಮಕ್ಕಳು ಎಲ್ಲಾ ಸೇರಿ, ನಾಲ್ಕೂ ಪ್ರಾಂತ್ಯಕ್ಕೆ. ನೋವಾ ಸ್ಕೋಷಿಯಾ ಮತ್ತು ನ್ಯೂಫೌಂಡ್‌ಲ್ಯಾಂಡ್ ಬಂದ ಅರ್ಜಿಗಳನ್ನೆಲ್ಲ ಸರದಿಯಲ್ಲಿ ನೋಡುವುದು ಬಿಟ್ಟು, ತಮಗೆ ಬೇಕಾದ ಕೆಲಸದವರನ್ನು ಆರಿಸಿಕೊಳ್ಳುವ ಪದ್ಧತಿಗೆ ಬದಲಾದವು. ಆಸ್ಪತ್ರೆ, ಕಟ್ಟಡ ಕೆಲಸದವರಿಗೆ ಅವಕಾಶ ಜಾಸ್ತಿ, ರೆಸ್ಟೋರೆಂಟ್ ಕೆಲಸಕ್ಕೆ ಬಾಗಿಲು ಕಿರಿದಾಗಿದೆ. ನಾನು ಬಂದ ಕಾಲಕ್ಕಿಂತ ಈಗ ಕಷ್ಟ. ಅದಕ್ಕೇ ಬರೀ ಹೋಟೆಲ್ ನೋಡಬೇಡಿ, ನರ್ಸಿಂಗ್ ಹೋಮ್, ಆಸ್ಪತ್ರೆಯ ಕಿಚನ್‌ಗಳನ್ನೂ ನೋಡಿ.

ಬರುವ ಮುಂಚೆ ಮನೆಯಲ್ಲಿ ಕೂತು ಮಾತಾಡಿಕೊಳ್ಳಿ. ಇದು ಟೊರಾಂಟೊ ಅಲ್ಲ. ನನ್ನ ಊರಿನಲ್ಲಿ ಬಸ್ಸೇ ಇಲ್ಲ. ಮೊದಲ ವಾರ ಬೆಳಗಿನ ಐದೂವರೆ ಶಿಫ್ಟ್‌ಗೆ ಮೂರು ಕಿಲೋಮೀಟರ್ ಹಿಮದಲ್ಲಿ ನಡೆದೆ, ನಾಲ್ಕನೇ ದಿನ ಲಾಂಡ್ರಿಯಲ್ಲಿ ಕೆಲಸ ಮಾಡುವ ಹೆಂಗಸು ಕಾರು ನಿಲ್ಲಿಸಿ ಹತ್ತಿಸಿಕೊಂಡರು, ಆಮೇಲೆ ಏಪ್ರಿಲ್ ತನಕ ದಿನಾ ಅವರೇ ಬಂದರು. ಫ್ಯಾಮಿಲಿ ಡಾಕ್ಟರ್ ಸಿಗಲು ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಕನ್ನಡ ಮಾತಾಡಬೇಕು ಅಂದರೆ ನಾನು ಮಾಂಕ್ಟನ್ ನಗರದವರೆಗೆ ಹೋಗಬೇಕು. ಪಿಆರ್ ಬಂದ ಮೇಲೆ ದೇಶದ ಯಾವ ಮೂಲೆಗೆ ಬೇಕಾದರೂ ಹೋಗುವ ಹಕ್ಕು ಇದೆ, ನಿಜ. ಆದರೆ ಅರ್ಜಿ ಹಾಕುವಾಗಲೇ 'ಸಿಕ್ಕ ತಕ್ಷಣ ಓಡಿಹೋಗ್ತೀನಿ' ಅಂತ ಮನಸ್ಸಿನಲ್ಲಿ ಇಟ್ಟುಕೊಂಡರೆ ಅದು ಆ ಊರಿಗೆ ಮಾಡುವ ಮೋಸ, ಮುಂದೆ ಬರುವವರ ಬಾಗಿಲನ್ನೂ ಮುಚ್ಚುತ್ತದೆ. ನಮ್ಮ ಮನೆಯವರಿಗೆ ಮೊದಲ ಚಳಿಗಾಲ ತುಂಬಾ ಭಾರವಾಯಿತು. ಈಗ ಮಗಳಿಗೆ ಶಾಲೆಯಲ್ಲಿ ಫ್ರೆಂಚ್ ಬರುತ್ತೆ, ನಾವು ಇಲ್ಲೇ ಇರುತ್ತೇವೆ.

ಈ ವಾರ ಮೂರು ಕೆಲಸ ಮಾಡಿ. ಆ ಆಫರ್ ಲೆಟರ್‌ನಲ್ಲಿರುವ ಕಂಪನಿ ಹೆಸರು ನ್ಯೂ ಬ್ರನ್ಸ್‌ವಿಕ್‌ನ ಪಟ್ಟಿಯಲ್ಲಿ ಇದೆಯಾ ನೋಡಿ. ಇದ್ದರೆ ಲೆಟರ್‌ನಲ್ಲಿರುವ ನಂಬರ್‌ಗೆ ಅಲ್ಲ, ಕಂಪನಿಯ ಸ್ವಂತ ವೆಬ್‌ಸೈಟ್‌ನಲ್ಲಿರುವ ನಂಬರ್‌ಗೆ ಫೋನ್ ಮಾಡಿ, ಇಂಥ ಆಫರ್ ಕಳಿಸಿದ್ದೀರಾ ಅಂತ ನೇರವಾಗಿ ಕೇಳಿ. ಅಲ್ಲಿ ಬೆಳಗ್ಗೆ ಆಗುವಾಗ ನಿಮಗೆ ಸಂಜೆ, ಆರು ಗಂಟೆಯ ಮೇಲೆ ಮಾಡಿದರೆ ಸಿಗುತ್ತಾರೆ. ಪಾಸ್‌ಪೋರ್ಟ್ ಏಜೆಂಟ್ ಹತ್ತಿರ ಇದ್ದರೆ ನಾಳೆಯೇ ಹೋಗಿ ವಾಪಸ್ ತನ್ನಿ, ಕೊಡದಿದ್ದರೆ ಪೊಲೀಸ್ ಸ್ಟೇಷನ್‌ಗೆ ಹೋಗಿ. ಹೋಟೆಲ್‌ನಿಂದ ಪಡೆಯುವ ಅನುಭವದ ಲೆಟರ್‌ಗೆ ಕರಡು ಬೇಕಾದರೆ ಇಲ್ಲೇ ಕೆಳಗೆ ಕೇಳಿ, ನನ್ನದನ್ನು ಹೆಸರು ತೆಗೆದು ಹಾಕುತ್ತೇನೆ. ಭಾನುವಾರ ನನಗೆ ರಜೆ.